ಎರಡು, ಮೂರು, ಆರು, ಗುದ್ದು

ನನಗೆ ಸಿಟ್ಟು ಬೇಗ ಬರುತ್ತದೆ. ಮಸ್ಕಿ ಬಸ್ ಸ್ಟ್ಯಾಂಡಿನ ಹಣ್ಣಿನವರಿಗೂ ಅದು ಗೊತ್ತು, ಹಾಗಾಗಿ ಕೊಳೆತ ಬಾಳೆಹಣ್ಣನ್ನು ನನ್ನ ಚೀಲಕ್ಕೆ ಯಾರೂ ಹಾಕುವುದಿಲ್ಲ. ಆದರೆ ಸಿಂಧನೂರಿನ ಕನಕರಾಯ ಕಾಕಾನ ಗೇಮ್ ಅಂಗಡಿಗೆ ಕಾಲಿಟ್ಟ ದಿನ ಬಂದ ಸಿಟ್ಟಿದೆಯಲ್ಲ, ಅಂಥದ್ದು ನನಗೇ ಹೊಸದು. ಮೋಟಾರಿಗೆ ಬೇಕಾದ ತಾಮ್ರದ ತಂತಿ ತರಲು ಸಿಂಧನೂರಿಗೆ ಹೋಗಿದ್ದೆ. ಬಿಸಿಲಿಗೆ ಗಂಟಲು ಒಣಗಿತ್ತು, ಏನಾದರೂ ತಂಪು ಕುಡಿಯೋಣವೆಂದು ಒಳಗೆ ಹೋದೆ. ಹೊಸ ಹೊಸ ಟಿವಿಗಳ ಮುಂದೆ ಹುಡುಗರು ಕೂತು ಆಡುತ್ತಿದ್ದರು. ಮೂಲೆಯಲ್ಲಿ, ಸೋಡಾ ಕ್ರೇಟುಗಳನ್ನು ತಲೆಯ ಮೇಲೆ ಹೊತ್ತುಕೊಂಡು, ನಮ್ಮಪ್ಪನ ಯಂತ್ರ ನಿಂತಿತ್ತು.

ಅಪ್ಪನೇ ಕೈಯಾರೆ ಹಸಿರು ಬಣ್ಣ ಬಳಿದ ಯಂತ್ರ ಅದು, ಗುರುತು ಸಿಗದೆ ಇರುತ್ತದೆಯೇ. ನಾನು ಚಿಕ್ಕವಳಿದ್ದಾಗ ಅಪ್ಪ ಗಾದಿಲಿಂಗ ಲಿಂಗಸುಗೂರಿನಲ್ಲಿ ವಿಡಿಯೋ ಗೇಮ್ ಅಂಗಡಿ ಇಟ್ಟಿದ್ದ. ನಾಣ್ಯ ಹಾಕಿದರೆ ಇಬ್ಬರು ಪೈಲ್ವಾನರು ಪರದೆಯ ಮೇಲೆ ಬಡಿದಾಡುವ ಆಟ. ಗಂಡುಹುಡುಗರ ಗದ್ದಲದಲ್ಲಿ ನನ್ನನ್ನು ಕೂರಿಸುವುದು ಅವ್ವನಿಗೆ ಸರಿಬರುತ್ತಿರಲಿಲ್ಲ. ಅದಕ್ಕೆ ಅಪ್ಪ ಎರಡನೇ ಆಟಗಾರ ತನ್ನ ಪೈಲ್ವಾನನನ್ನು ಆಡಿಸುವ ಕೋಲು, ಗುಂಡಿಗಳನ್ನು ಯಂತ್ರದಿಂದ ಕಿತ್ತು ಒಂದು ಹಲಗೆ ಪೆಟ್ಟಿಗೆಗೆ ಜೋಡಿಸಿ, ದುಡ್ಡಿನ ಗಲ್ಲೆಯ ಹಿಂದಿನವರೆಗೂ ಬರುವಷ್ಟು ಉದ್ದ ವಯರ್ ಕೊಟ್ಟಿದ್ದ. ನಾನು ಗಲ್ಲೆಯ ಹಿಂದೆ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಕಂಡಕಂಡ ಗುಂಡಿ ಒತ್ತುತ್ತಿದ್ದೆ.

ರಸ್ತೆ ಅಗಲ ಮಾಡುವಾಗ ಅಂಗಡಿ ಹೋಯಿತು. ನಾವು ಅವ್ವನ ತವರು ಮಸ್ಕಿಗೆ ಬಂದೆವು. ಜಾಗವಿಲ್ಲವೆಂದು ಅಪ್ಪ ಯಂತ್ರವನ್ನು ಸಿಂಧನೂರಿನ ಗೆಳೆಯ ಕನಕರಾಯನ ಹತ್ತಿರ ಇಟ್ಟ. ಅಲ್ಲಿಂದ ಶುರುವಾಯಿತು ಇಬ್ಬರ ಮೊಂಡಾಟ. ಇಟ್ಟುಕೊಂಡವನು ತಾನಾಗಿ ತಂದು ಒಪ್ಪಿಸಬೇಕು ಎಂದು ಅಪ್ಪ. ಇಟ್ಟವನು ಬಂದು ಕೇಳಬೇಕು ಎಂದು ಕಾಕಾ. ಇವನು ಕೇಳಲಿಲ್ಲ, ಅವನು ತರಲಿಲ್ಲ. ಒಂದು ತಾಸಿನ ಹಾದಿಯ ಎರಡು ಊರಿನಲ್ಲಿದ್ದು, ಒಬ್ಬರ ಮನೆಯ ಮದುವೆಗೆ ಇನ್ನೊಬ್ಬರು ಹೋಗದಷ್ಟು ದೂರವಾದರು. ಅಪ್ಪ ಸುಟ್ಟ ಮೋಟಾರಿಗೆ ತಂತಿ ಸುತ್ತುವ ವೈಂಡಿಂಗ್ ಕಲಿತು ಮಸ್ಕಿಯಲ್ಲಿ ಅಂಗಡಿ ಹಾಕಿದ, ನನಗೂ ಕಲಿಸಿದ. ಯಂತ್ರದ ಮಾತು ಬಂದರೆ ಮಾತ್ರ ಎದ್ದು ಹೊರಗೆ ಹೋಗುತ್ತಿದ್ದ.

"ಕಾಕಾ, ಇದು ನಮ್ಮದು," ಎಂದೆ, ಕ್ರೇಟುಗಳನ್ನು ಒಂದೊಂದೇ ಕೆಳಗಿಳಿಸುತ್ತಾ.

ಗಲ್ಲೆಯ ಮೇಲಿದ್ದ ಕನಕರಾಯ ಕನ್ನಡಕ ಏರಿಸಿ ನೋಡಿದ. "ಯಾರವ್ವ ನೀ?"

"ಗಾದಿಲಿಂಗನ ಮಗಳು. ಅಮರೇಶ್ವರಿ."

"ಹೌದ್ಹೌದು, ಮೂಗು ನೋಡಿದ ಕೂಡ್ಲೆ ತಿಳೀಬೇಕಿತ್ತು. ಕ್ರೇಟ್ ಅಲ್ಲೇ ಇರ್ಲಿ ಬಿಡು. ದಸರಾ ಮುಗಿದ ಮ್ಯಾಲ ಗುಜರಿಯವ ಬಂದು ಒಯ್ತಾನ. ಅಂಗಡಿ ಹೊಸದು ಮಾಡಾಕತ್ತೀನಿ, ಜಾಗ ಬೇಕು."

"ಗುಜರಿಗೆ ಹಾಕೂದ್ಕಿಂತ ನಮಗ ಕೊಡ್ರಿ."

"ನಿಮ್ಮಪ್ಪಗ ಬಾಯಿಲ್ಲೇನು? ಬಂದು ಕೇಳ್ಲಿ, ಈಗಿಂದೀಗ ಗಾಡಿ ಹತ್ತಿಸ್ತೀನಿ."

ಅಪ್ಪ ಸತ್ತರೂ ಕೇಳುವುದಿಲ್ಲ ಎಂದು ನನಗೆ ಗೊತ್ತು, ಅವನಿಗೂ ಗೊತ್ತು. ನನ್ನ ಕಿವಿ ಬಿಸಿಯಾಯಿತು. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಇಷ್ಟು ವರ್ಷ ಇನ್ನೊಬ್ಬರ ಸಾಮಾನಿನ ಮೇಲೆ ಸೋಡಾ ಮಾರಿದ್ದೀರಿ, ನಾಚಿಕೆಯಾಗಬೇಕು ಎಂದೆ. ಹುಡುಗರೆಲ್ಲ ಆಟ ನಿಲ್ಲಿಸಿ ನಮ್ಮನ್ನು ನೋಡತೊಡಗಿದರು. ಕಾಕಾ ಮೆಲ್ಲಗೆ ಎದ್ದು ಬಂದು ಯಂತ್ರದ ಧೂಳು ಒರೆಸಿದ.

"ಬಾಯಿ ಜೋರೈತಿ. ಕೈ ಹೆಂಗೈತಿ ನೋಡೋಣು. ಇದರ ಮ್ಯಾಲ ನನ್ನ ಸೋಲ್ಸು, ಕೇಳೂದೂ ಬ್ಯಾಡ, ಕೊಡೂದೂ ಬ್ಯಾಡ. ಗೆದ್ದು ಒಯ್ಯಿ. ದಸರಾದ ತನಕ ಟೈಮ್."

"ಕಬೂಲ್," ಎಂದೆ. ತಂತಿ ಕೊಳ್ಳುವುದನ್ನೇ ಮರೆತು ಬಸ್ ಹತ್ತಿದೆ.

ಆ ಆಟ ಫೋನಿನಲ್ಲಿ ಸಿಗುತ್ತದೆಯೇ ಎಂದು ಹುಡುಕಿದೆ. ಆಟ ಸಿಗಲಿಲ್ಲ, ಅದರ ಏಟುಗಳ ಪಟ್ಟಿ ಸಿಕ್ಕಿತು. ಯಾವುದೋ ದೇಶದ ಪುಣ್ಯಾತ್ಮ ಕೂತು ಪ್ರತಿಯೊಬ್ಬ ಪೈಲ್ವಾನನ ಒಂದೊಂದು ಏಟನ್ನೂ ಬರೆದು ಅಂತರ್ಜಾಲಕ್ಕೆ ಹಾಕಿದ್ದ. ಆದರೆ ಅಲ್ಲಿ ಬಾಣದ ಗುರುತಿಲ್ಲ, ಮಾತಿಲ್ಲ, ಬರೀ ಅಂಕಿ. ಎರಡು, ಮೂರು, ಆರು, ಆಮೇಲೆ ಪಿ ಎಂಬ ಅಕ್ಷರ: ಬೆಂಕಿಗುದ್ದು. ಎರಡು, ಒಂದು, ನಾಲ್ಕು, ಮತ್ತೆ ಪಿ: ಗಿರಕಿ ಹೊಡೆದು ಹಿಂದೆ ಸರಿಯುವ ಏಟು. ಪಿ ಎಂದರೆ ಗುದ್ದಿನ ಗುಂಡಿ ಎಂದು ಅಲ್ಲೇ ಬರೆದಿತ್ತು. ಅಂಕಿಗಳೆಂದರೆ ಕೋಲನ್ನು ತಳ್ಳುವ ದಿಕ್ಕು. ಒಂದರಿಂದ ಒಂಬತ್ತು, ಮೂರು ಸಾಲು. ನಡುವಿನ ಐದು ಎಂದರೆ ಕೋಲು ಸುಮ್ಮನೆ ನಿಂತಿದೆ, ಆರು ಎಂದರೆ ಮುಂದೆ, ನಾಲ್ಕು ಎಂದರೆ ಹಿಂದೆ.

ಇಷ್ಟು ತಿಳಿದ ಮೇಲೆ ಇನ್ನೇನು, ಅವ್ವನ ಹಳೆಯ ಗುಂಡಿ ಫೋನ್ ಕಣ್ಣ ಮುಂದೆಯೇ ಇತ್ತು. ಒಂದು ಎರಡು ಮೂರು ಮೇಲಿನ ಸಾಲು, ನಡುವೆ ಐದು, ಅದರ ಬಲಕ್ಕೆ ಆರು. ದೇವರೇ ಮಾಡಿಕೊಟ್ಟ ಹಾಗಿತ್ತು. ಗಾಜಿನ ಫೋನಿನಲ್ಲಿ ಬೆರಳು ಜಾರುತ್ತದೆ, ಇದರಲ್ಲಿ ಗುಂಡಿ ಬೆರಳಿಗೆ ಹತ್ತುತ್ತದೆ. ಅಂಗಡಿಯಲ್ಲಿ ಕಾಯಿಲ್ ಸುತ್ತದ ಹೊತ್ತಿನಲ್ಲೆಲ್ಲ ಬಲಗೈ ಹೆಬ್ಬೆರಳಿನಿಂದ ಎರಡು, ಮೂರು, ಆರು ಎಂದು ಒತ್ತಿದ್ದೇ ಒತ್ತಿದ್ದು, ಅದು ಬೇಸರವಾದರೆ ಎರಡು, ಒಂದು, ನಾಲ್ಕು. ಮೇಲೆ, ಮೇಲಿನ ಮೂಲೆ, ಮುಂದೆ. ಹಾರಿ ಬಂದು ಗುದ್ದುವುದಿರಬೇಕು, ಬರಾಬರ್ ಇದೆ ಎಂದುಕೊಂಡೆ. ಊಟ ಮಾಡುವಾಗ ಒತ್ತಿದೆ, ಬಸ್ಸಿನಲ್ಲಿ ಒತ್ತಿದೆ, ಗುಡಿಯಲ್ಲಿ ಕೈಮುಗಿದು ನಿಂತಾಗಲೂ ಹೆಬ್ಬೆರಳು ತನ್ನಷ್ಟಕ್ಕೆ ಆಡುತ್ತಿತ್ತು.

"ಯಾರಿಗೆ ಅಷ್ಟು ಫೋನ್ ಹಚ್ಚಾಕತ್ತಿ?" ಎಂದು ಅವ್ವ ತಿಮ್ಮವ್ವ ಅನುಮಾನಪಟ್ಟಳು. "ಗುಂಡಿ ಮ್ಯಾಲಿನ ಎರಡು ಅಳಿಸೇ ಹೋಗ್ಯಾದ. ನಿಮ್ಮ ಮಾವನ ನಂಬರಿನ್ಯಾಗ ಎರಡು ಎರಡು ಸಲ ಬರ್ತದ, ನಾ ಹೆಂಗ ಹಚ್ಚಲಿ?"

ದಸರಾಕ್ಕೆ ಒಂದು ವಾರವಿರುವಾಗ ಸಿಂಧನೂರಿಗೆ ಹೋದೆ. ಎದೆಯುಬ್ಬಿಸಿಕೊಂಡೇ ಹೋದೆ. ಕಾಕಾ ಯಂತ್ರಕ್ಕೆ ಕರೆಂಟು ಕೊಟ್ಟ, ತಾನು ಯಂತ್ರದ ಕೋಲು ಹಿಡಿದ, ಹಲಗೆ ಪೆಟ್ಟಿಗೆ ನನಗೆ ಕೊಟ್ಟ. ಅಪ್ಪ ಉಜ್ಜಿ ನುಣುಪು ಮಾಡಿದ ಅಂಚು ಇನ್ನೂ ಹಾಗೇ ಇತ್ತು. ಪರದೆಯ ಎಡಕ್ಕೆ ಅವನ ಕೆಂಪು ಟೋಪಿಯ ಪೈಲ್ವಾನ, ಬಲಕ್ಕೆ ನನ್ನ ಜುಟ್ಟಿನ ಪೈಲ್ವಾನ.

ನಾನು ಎರಡು, ಮೂರು, ಆರು ಎಂದೆ. ಜುಟ್ಟಿನವನು ಹಾರಿದ. ಹಾರಿ ಹಿಂದಕ್ಕೆ ಹೋದ. ಮತ್ತೆ ಎಂದೆ, ಮತ್ತೆ ಹಾರಿ ಇನ್ನಷ್ಟು ಹಿಂದಕ್ಕೆ ಹೋದ. ಕೊನೆಗೆ ಪರದೆಯ ಅಂಚಿಗೆ ಅಂಟಿಕೊಂಡು ಬಿಸಿ ಹಂಚಿನ ಮೇಲೆ ನಿಂತವನ ಹಾಗೆ ಕುಣಿಯತೊಡಗಿದ. ಕೆಂಪು ಟೋಪಿಯವನು ಆರಾಮಾಗಿ ನಡೆದು ಬಂದು ಬಡಿದ. ಹುಡುಗರು ಬಿದ್ದು ಬಿದ್ದು ನಕ್ಕರು. ಎರಡನೇ ಸುತ್ತೂ ಹಾಗೆಯೇ ಹೋಯಿತು.

"ಏನ್ ಬೇ ಇದು, ಪೈಲ್ವಾನಗ ಪೂಜಾ ಕುಣಿತ ಕಲಿಸಿಯೇನು?" ಎಂದ ಕಾಕಾ. ಆಮೇಲೆ ನನ್ನ ಮುಖ ನೋಡಿ ಸ್ವಲ್ಪ ಮೆತ್ತಗಾದ. "ಅಳಬ್ಯಾಡ. ಗುಜರಿಯವ ಬರೂದು ಹಬ್ಬದ ಮರುದಿನ. ಅವತ್ತು ಮುಂಜಾನಿ ಇನ್ನೊಮ್ಮೆ ಬಾ. ಅದು ಕಡೀದು."

ನಾನು ಅಳುತ್ತಿರಲಿಲ್ಲ. ಕಣ್ಣಲ್ಲಿ ನೀರು ಬಂದದ್ದು ಸಿಟ್ಟಿಗೆ.

ಮಸ್ಕಿಯಲ್ಲಿ ಬಸ್ ಇಳಿದವಳು ನೇರವಾಗಿ ಗೆಳತಿ ಜ್ಯೋತಿಯ ಝೆರಾಕ್ಸ್ ಅಂಗಡಿಗೆ ಹೋಗಿ ಆ ಪಟ್ಟಿ ಬರೆದವನನ್ನು ಮನಸಾರೆ ಬೈದೆ. ಸುಳ್ಳ, ಲಫಂಗ, ಜನರ ಜೀವ ತಿನ್ನಲು ಹುಟ್ಟಿದವನು ಎಂದೆ. ಜ್ಯೋತಿ ಕಂಪ್ಯೂಟರಿನಲ್ಲಿ ಯಾರದೋ ಆಧಾರ್ ನಂಬರು ಹೊಡೆಯುತ್ತಾ ಕೇಳಿಸಿಕೊಂಡಳು. ಅವಳ ಬಲಗೈ ಕೀಬೋರ್ಡಿನ ಬಲತುದಿಯ ಅಂಕಿಗಳ ಮೇಲೆ ಓಡಾಡುತ್ತಿತ್ತು. ನಾನು ಬೈಯುತ್ತಾ ಬೈಯುತ್ತಾ ಅದನ್ನೇ ನೋಡಿದೆ, ಬಾಯಿ ನಿಂತಿತು. ಅಲ್ಲಿ ಮೇಲಿನ ಸಾಲಿನಲ್ಲಿದ್ದದ್ದು ಏಳು, ಎಂಟು, ಒಂಬತ್ತು. ಒಂದು, ಎರಡು, ಮೂರು ಕೆಳಗಿದ್ದವು.

"ಜ್ಯೋತಿ, ಇದರಾಗ ಎರಡು ಕೆಳಗ್ಯಾಕ ಐತಿ?"

"ಕೀಬೋರ್ಡಿನ್ಯಾಗ ಹಂಗ ಇರೂದು. ಫೋನಿನ್ಯಾಗ ಮ್ಯಾಲ ಇರ್ತೈತಿ." ಅವಳು ನನ್ನ ಕೈಯಲ್ಲಿದ್ದ ಗುಂಡಿ ಫೋನ್ ನೋಡಿದಳು, ನನ್ನ ಮುಖ ನೋಡಿದಳು, ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. "ಅಂವ ಕಂಪ್ಯೂಟರ್ ಮುಂದ ಕುಂತು ಬರದಾನ. ನೀ ಅವ್ವನ ಫೋನ್ ಹಿಡ್ಕೊಂಡು ಓದಿ."

ಎರಡು ಎಂದರೆ ಹಾರುವುದಲ್ಲ, ಕೂರುವುದು. ಕೆಳಗೆ, ಕೆಳಗಿನ ಮೂಲೆ, ಮುಂದೆ, ಗುದ್ದು. ಇಷ್ಟು ದಿನ ನಾನು ಕಲಿತದ್ದೆಲ್ಲ ತಲೆಕೆಳಗು. ಜ್ಯೋತಿ ನಕ್ಕು ನಕ್ಕು ಸ್ಟೂಲಿನಿಂದ ಜಾರಿದಳು, ಅವಳಿಗೂ ಎರಡು ಬೈದು ಹೊರಟೆ.

ಸರಿಯಾಗಿ ಕಲಿಯೋಣವೆಂದು ಕೂತರೆ ಹೆಬ್ಬೆರಳು ಕೇಳಬೇಕಲ್ಲ. ಎರಡು ಎಂದ ಕೂಡಲೇ ಮೇಲಕ್ಕೇ ಓಡುತ್ತಿತ್ತು. ನಿಧಾನವಾಗಿ ಮಾಡಿದರೆ ಬರುತ್ತಿತ್ತು, ಜೋರಾಗಿ ಮಾಡಿದರೆ ಮತ್ತೆ ಹಳೆಯ ದಾರಿ ಹಿಡಿಯುತ್ತಿತ್ತು. ಹಬ್ಬದ ಹಿಂದಿನ ದಿನ ಅಂಗಡಿಯಲ್ಲಿ ಫೋನನ್ನು ಗೋಡೆಗೆ ಬೀಸಲು ಕೈ ಎತ್ತಿದ್ದೆ, ಅಪ್ಪ ಕೈ ಹಿಡಿದ.

"ಏನಾಗ್ಯಾದ ನಿನಗ?"

ಎಲ್ಲ ಹೇಳಿಬಿಟ್ಟೆ. ಗುಜರಿ, ಪಂದ್ಯ, ಕುಣಿತ, ಉಲ್ಟಾ ಅಂಕಿ, ಎಲ್ಲ. ಎದ್ದು ಹೊರಗೆ ಹೋಗುತ್ತಾನೆ ಎಂದುಕೊಂಡಿದ್ದೆ. ಅಪ್ಪ ಹೋಗಲಿಲ್ಲ. ಕೈಯಲ್ಲಿದ್ದ ಇಕ್ಕಳ ಕೆಳಗಿಟ್ಟು ನನ್ನ ಎದುರು ಕೂತ.

"ಪೆಟ್ಟಿಗಿ ಇನ್ನೂ ಐತೇನು?" ಎಂದ.

"ಐತಿ. ಕೋಲು ಬರಾಬರ್ ಕೆಲಸ ಮಾಡ್ತೈತಿ. ನನ್ನ ಕೈಯೇ ಉಲ್ಟಾ."

ಅಪ್ಪನ ಮುಖದಲ್ಲಿ ನಾನು ಚಿಕ್ಕಂದಿನಲ್ಲಿ ಕಂಡಿದ್ದ ಏನೋ ಒಂದು ಮರಳಿ ಬಂತು. "ಲೇ ಅಮರಿ, ಹೊಲದಾಗಿನ ಮೋಟಾರ್ ಉಲ್ಟಾ ತಿರುಗಿದ್ರ ವೈಂಡಿಂಗ್ ಬಿಚ್ತೀವೇನು?"

"ಇಲ್ಲ. ಎರಡು ವಯರ್ ಅದಲು ಬದಲು ಮಾಡ್ತೀವಿ."

"ಮತ್ತ ಕಲ್ತ ಕೈ ಯಾಕ ಬಿಚ್ಚಾಕತ್ತಿ? ಪೆಟ್ಟಿಗಿ ವಯರ್ ಅದಲು ಬದಲು ಮಾಡಬೌದಿತ್ತು, ಆದ್ರ ಆ ಮೊಂಡ ಬಿಚ್ಚಾಕ ಬಿಡಂಗಿಲ್ಲ. ಪೆಟ್ಟಿಗೀನ ತಿರುಗಿಸಿ ಹಿಡಿ. ಹಿಂಬದಿ ನಿನ್ನ ಹೊಟ್ಟಿ ಕಡೆ ಬರ್ಲಿ. ಮ್ಯಾಲ ತಳ್ಳಿದ್ದು ಕೆಳಗ ಆಗ್ತೈತಿ."

"ಹಂಗ ಹಿಡಿದ್ರ ಎಡ ಬಲಾನೂ ಉಲ್ಟಾ ಆಗ್ತೈತಲ್ಲಪ್ಪಾ."

"ಆಗ್ಲಿ. ಆ ಪೆಟ್ಟಿಗಿಯವ ನಿಂದ್ರೂದು ಪರದೆ ಬಲಕ್ಕ. ಬಲಕ್ಕ ನಿಂತವಗ ಮುಂದ ಅಂದ್ರ ಎಡ. ನೀ ಬಲಕ್ಕ ತಳ್ಳಿ ಹಿಂದ ಹೋಗಿದ್ದು ಅದಕ್ಕ. ನಿಂದು ಎರಡು ತಪ್ಪು ಅದಾವ. ಒಂದೇ ಇದ್ದಿದ್ರ ಕಷ್ಟ ಇತ್ತು."

ಆಮೇಲೆ ಕೋಲಿನ ಮಾತೂ ಹೊಳೆಯಿತು. ಪೆಟ್ಟಿಗೆಯ ಕೋಲಿರುವುದು ಎಡಗೈ ಕಡೆಗೆ, ನಾನು ಕಲಿತದ್ದು ಬಲಗೈಯಲ್ಲಿ. ತಿರುಗಿಸಿದರೆ ಅದೂ ಬಲಕ್ಕೆ ಬರುತ್ತಿತ್ತು. ಅಪ್ಪ ಅಭ್ಯಾಸಕ್ಕೆಂದು ಗುಜರಿ ಡಬ್ಬದಿಂದ ಒಂದು ಹಳೆ ಸ್ವಿಚ್ಚಿನ ಹಿಡಿ ತೆಗೆದು ಹಲಗೆಗೆ ಸಿಕ್ಕಿಸಿ ಕೊಟ್ಟ. ಹೆಬ್ಬೆರಳು ಕಲಿತದ್ದನ್ನು ಅಂಗೈಗೆ ಕಲಿಸುವುದೊಂದೇ ಬಾಕಿ ಇತ್ತು. ಹಬ್ಬದ ದಿನ ಹೋಳಿಗೆ ತಿನ್ನುತ್ತಲೂ ಅದನ್ನೇ ಮಾಡಿದೆ, ಈ ಸಲ ಅವ್ವ ಬೈಯಲಿಲ್ಲ.

ಮರುದಿನ ಮುಂಜಾನೆ ಅಂಗಿ ತೊಟ್ಟು ಅಪ್ಪನೇ ಮೊದಲು ಹೊರಗೆ ಬಂದು ನಿಂತಿದ್ದ. "ಕೇಳಾಕಲ್ಲ. ನೋಡಾಕ," ಎಂದ.

ಸಿಂಧನೂರಿನ ಅಂಗಡಿಯ ಮುಂದೆ ಗುಜರಿಯವನ ಗಾಡಿ ಆಗಲೇ ನಿಂತಿತ್ತು. ಕಾಕಾ ಬಾಗಿಲಲ್ಲಿ ಅಪ್ಪನನ್ನು ಕಂಡು ಕನ್ನಡಕ ಏರಿಸಿದ. ಇಬ್ಬರೂ ಒಬ್ಬರ ಚಪ್ಪಲಿಯನ್ನು ಇನ್ನೊಬ್ಬರು ನೋಡುತ್ತಾ ನಿಂತರು. ನಾನು ನಡುವೆ ನುಗ್ಗಿ ಪೆಟ್ಟಿಗೆ ಎತ್ತಿಕೊಂಡು ತಿರುಗಿಸಿ ತೊಡೆಯ ಮೇಲಿಟ್ಟೆ.

"ಉಲ್ಟಾ ಹಿಡಿದೀಯಲ್ಲ," ಎಂದ ಕಾಕಾ. "ಹಂಗ ಆಡೂದು ಯಾವ ಊರ ಕಾಯ್ದೆ?"

"ಪೆಟ್ಟಿಗಿ ಮಾಡಿದವ ನಾ," ಎಂದ ಅಪ್ಪ. "ಯಾವ ಕಡಿಂದ ಹಿಡಿದ್ರೂ ನಡೀತೈತಿ."

ಇಷ್ಟು ವರ್ಷಗಳ ಮೇಲೆ ಅವರಿಬ್ಬರ ನಡುವೆ ಬಂದ ಮೊದಲ ಮಾತು ಅದು.

ಆಟ ಶುರುವಾಯಿತು. ಮೂರು ಸುತ್ತಿನಲ್ಲಿ ಎರಡು ಗೆಲ್ಲಬೇಕು. ಕೈಯನ್ನು ಅದರ ಪಾಡಿಗೆ ಬಿಟ್ಟೆ. ಎರಡು, ಮೂರು, ಆರು, ಗುದ್ದು. ಜುಟ್ಟಿನವನು ಹಾರಲಿಲ್ಲ. ಮೊಣಕಾಲು ಬಗ್ಗಿಸಿ ಕೂತು, ಎದ್ದು, ಮುಂದಕ್ಕೆ ಚಾಚಿದ ಮುಷ್ಟಿಯಿಂದ ಬೆಂಕಿ ಹೊರಟಿತು. ಅಂಗಡಿಯಲ್ಲಿ ಒಬ್ಬರೂ ನಗಲಿಲ್ಲ. ಮತ್ತೆ ಎರಡು, ಮೂರು, ಆರು. ಮತ್ತೆ ಬೆಂಕಿ. ನನ್ನ ಮೈ ಝುಮ್ಮೆಂದಿತು, ಜೀವಮಾನದಲ್ಲಿ ಯಾವ ಕೆಲಸವೂ ಕೈಗೆ ಹಾಗೆ ಒಲಿದಿರಲಿಲ್ಲ. ಕೆಂಪು ಟೋಪಿಯವನು ಏಳುವುದರೊಳಗೆ ಬಿದ್ದ, ಬಿದ್ದವನು ಮತ್ತೆ ಏಳಲಿಲ್ಲ. ಮೊದಲ ಸುತ್ತು ನನ್ನದಾಯಿತು.

ಕಾಕಾ ಹಳೆಯ ಹುಲಿ. ಎರಡನೇ ಸುತ್ತಿನಲ್ಲಿ ಸ್ವಲ್ಪ ಹೊತ್ತು ನನ್ನ ಕೈಯನ್ನೇ ನೋಡಿದ. ಆಮೇಲೆ ಅವನ ಪೈಲ್ವಾನ ನನ್ನವನ ತಲೆಯ ಮೇಲಿಂದ ಹಾರಿ ಆ ಕಡೆಗೆ ಇಳಿದ. ಈಗ ನಾನು ಎಡಕ್ಕೆ, ಅವನು ಬಲಕ್ಕೆ. ಎರಡು, ಮೂರು, ಆರು ಎಂದೆ. ಬೆಂಕಿ ಬರಲಿಲ್ಲ. ಜುಟ್ಟಿನವನು ಗಿರಕಿ ಹೊಡೆದು ಹಿಂದಕ್ಕೆ ಸರಿದ. ಮತ್ತೆ ಎಂದೆ, ಮತ್ತೆ ಗಿರಕಿ. ಕಾಕಾ ಸಿಕ್ಕಿದ ಕಡೆ ಬಾರಿಸಿದ, ಆ ಸುತ್ತು ಅವನು ತೆಗೆದುಕೊಂಡ.

"ಆ ಕಡಿ ನಿಂತ್ರ ನಿನ್ನ ಉಲ್ಟಾ ನಡ್ಯಂಗಿಲ್ಲ ಬೇ," ಎಂದು ಬೆವರು ಒರೆಸಿಕೊಂಡ.

ನನಗೆ ಸಿಟ್ಟು ನೆತ್ತಿಗೇರಿತು. ಪೆಟ್ಟಿಗೆ ಎತ್ತಿ ಒಗೆಯಬೇಕು ಅನ್ನಿಸಿತು. ಹಿಂದೆ ತಿರುಗಿ ನೋಡಿದರೆ ಅಪ್ಪ ತೋರುಬೆರಳು ಮತ್ತು ನಡುಬೆರಳನ್ನು ಒಂದರ ಮೇಲೊಂದು ಅಡ್ಡಲಾಗಿ ಹೊಸೆದು ತೋರಿಸಿದ. ಎರಡು ವಯರ್.

ಆಗ ಹೊಳೆಯಿತು. ಏಟುಗಳು ಎಲ್ಲೂ ಹೋಗಿರಲಿಲ್ಲ, ಅದಲು ಬದಲಾಗಿದ್ದವು ಅಷ್ಟೇ. ಆ ಕಡೆ ನಿಂತಾಗ ಬೆಂಕಿಗುದ್ದಿನ ಕೈಗೆ ಗಿರಕಿ ಬಂದರೆ, ಗಿರಕಿಯ ಕೈಗೆ ಬೆಂಕಿಗುದ್ದು ಬರಲೇಬೇಕು. ಹೊಸದಾಗಿ ಏನೂ ಕಲಿಯಬೇಕಿರಲಿಲ್ಲ.

ಮೂರನೇ ಸುತ್ತು. ಗುಜರಿಯವನೂ ಒಳಗೆ ಬಂದು ನಿಂತಿದ್ದ. ಬಲಕ್ಕಿದ್ದಾಗ ನಾಲ್ಕು ಬೆಂಕಿ ತಿನ್ನಿಸಿದೆ, ಕಾಕಾನೂ ಬಿಡಲಿಲ್ಲ. ಇಬ್ಬರ ಪೈಲ್ವಾನರಿಗೂ ಒಂದೊಂದು ಏಟಿನಷ್ಟೇ ಉಸಿರು ಉಳಿಯಿತು. ಆಗ ಕಾಕಾ ಹಾರಿದ. ನನ್ನ ತಲೆಯ ಮೇಲಿಂದ ದಾಟಿ ಆ ಕಡೆಗೆ ಇಳಿದು, ಇನ್ನು ನನ್ನ ಕೈ ನಡೆಯುವುದಿಲ್ಲವೆಂದು ಸಾವಕಾಶವಾಗಿ ಮುಂದೆ ಬಂದ.

ಎರಡು, ಒಂದು, ನಾಲ್ಕು, ಗುದ್ದು.

ಮುಷ್ಟಿಯಿಂದ ಹೊರಟ ಬೆಂಕಿ ಕೆಂಪು ಟೋಪಿಯವನನ್ನು ಎತ್ತಿ ಪರದೆಯ ಆ ತುದಿಗೆ ಒಗೆಯಿತು. ನಾನು ಕೂಗಿದ್ದು ಬಜಾರದ ಆ ಬದಿಗೂ ಕೇಳಿಸಿತಂತೆ. ನನ್ನನ್ನು ನೋಡಿ ಅವತ್ತು ನಕ್ಕಿದ್ದ ಹುಡುಗರೇ ಬೆಂಚು ಬಡಿದು ಶಿಳ್ಳೆ ಹಾಕಿದರು. ಅಪ್ಪ ನನ್ನ ತಲೆಯ ಮೇಲೆ ಕೈಯಿಟ್ಟ.

ಕಾಕಾ ಕೋಲು ಬಿಟ್ಟ. ಆಮೇಲೆ ಅಪ್ಪನ ಕಡೆ ತಿರುಗಿದ. "ಒಂದ ಸಲ ಬಂದು ಕೇಳಿದ್ರ ಕೊಡ್ತಿದ್ನೆಲ್ಲೋ ಗಾದಿ."

"ನೀ ಒಂದ ಸಲ ತಂದು ಇಳಿಸಿದ್ರ ಚಾ ಕುಡಿಸ್ತಿದ್ನೆಲ್ಲೋ," ಎಂದ ಅಪ್ಪ.

"ಈಗ ತಂದ್ರ ಕುಡಿಸ್ತೀಯೇನು?"

"ಊಟಾನೂ ಹಾಕ್ತೀನಿ. ಹೋಳಿಗಿ ಉಳಿದಾವ."

ಗುಜರಿಯವನ ಗಾಡಿಯಲ್ಲೇ ಯಂತ್ರ ಮಸ್ಕಿಗೆ ಬಂತು. ಯಂತ್ರ ಅಲುಗಾಡದಂತೆ ಒಂದು ಬದಿಗೆ ಅಪ್ಪ, ಇನ್ನೊಂದು ಬದಿಗೆ ಕಾಕಾ ಹಿಡಿದು ನಿಂತಿದ್ದರು. ದಾರಿಯುದ್ದಕ್ಕೂ ಗದ್ದೆಯ ಗಾಳಿಯಲ್ಲಿ ಜಗಳವಾಡುತ್ತಲೇ ಬಂದರು, ಆದರೆ ಅದು ಗೆಳೆಯರ ಜಗಳ. ನಾನು ಡ್ರೈವರನ ಪಕ್ಕದಲ್ಲಿ ಪೆಟ್ಟಿಗೆಯನ್ನು ತೊಡೆಯ ಮೇಲಿಟ್ಟುಕೊಂಡು ಮಹಾರಾಣಿಯ ಹಾಗೆ ಕೂತಿದ್ದೆ. ಜ್ಯೋತಿಯ ಅಂಗಡಿ ಬಂದಾಗ ಹಾರ್ನ್ ಒತ್ತಿಸಿದೆ.

ವೈಂಡಿಂಗ್ ಅಂಗಡಿಯಲ್ಲಿ ಜಾಗ ಮಾಡಿ ಅಪ್ಪ ಯಂತ್ರಕ್ಕೆ ಕರೆಂಟು ಕೊಟ್ಟ. ಅವ್ವ ಚಹಾ ತಂದು, ಕಾಕಾನಿಗೆ ಎರಡು ಮಾತು ಅಂದು, ಆಮೇಲೆ ಲೋಟ ಕೊಟ್ಟಳು. ಲಿಂಗಸುಗೂರಿನಲ್ಲಿ ಅಪ್ಪ ಒಂದು ದಿನವೂ ಆಡಿದವನಲ್ಲ. ಗಿರಾಕಿಯ ಎದುರು ಮಾಲೀಕ ಗೆಲ್ಲಬಾರದು, ಸೋಲಲೂಬಾರದು ಎನ್ನುತ್ತಿದ್ದ. ಇವತ್ತು ಅಂಗಿಯ ತೋಳು ಮಡಚಿ ಯಂತ್ರದ ಕೋಲು ಹಿಡಿದು ನಿಂತ.

"ಈಗರೆ ಪೆಟ್ಟಿಗಿ ಸೀದಾ ಹಿಡಿ ಬೇ," ಎಂದ.

"ಇಲ್ಲಪ್ಪಾ. ನನಗ ಇದೇ ಸೀದಾ."

ಎರಡು, ಮೂರು, ಆರು, ಗುದ್ದು. ಅಪ್ಪನ ಪೈಲ್ವಾನ ಅಂಗಾತ ಬಿದ್ದ, ಅಪ್ಪ ಯಂತ್ರಕ್ಕೆ ಒರಗಿ ಕಣ್ಣೊರೆಸಿಕೊಂಡು ನಗುತ್ತಾ ಇನ್ನೊಂದು ಆಟ ಹಾಕು ಎಂದ.